ಕಡ ಕೊಟ್ಟ ಮೂಗು

ಮೂರು ದಿನದಿಂದ ನನ್ನ ಓಮ್ನಿಯಲ್ಲಿ
ಏನೋ ಸುಡುತ್ತಿದೆ.
ಹಿಂದೆ ನೂರಿಪ್ಪತ್ತು ಬನ್ನು, ನಲವತ್ತು ಬ್ರೆಡ್ಡು,
ಖಾರದ ರಸ್ಕಿನ ಆರು ಡಬ್ಬಿ.
ಮಂಡಗದ್ದೆಯ ಅಂಗಡಿಯಲ್ಲಿ ಇಳಿಸಿಕೊಳ್ಳುತ್ತ ಗಿಡ್ಡಮ್ಮ
ಬನ್ನು ಮೂಸಿ ನನ್ನ ಮುಖ ನೋಡುತ್ತಾಳೆ:
'ತಳ ಹಿಡಿಸಿದ್ಯೇನೆ, ಜೆಸಿಂತಾ?'

ಹತ್ತೊಂಬತ್ತು ವರ್ಷ ಭಟ್ಟಿಯ ಬಾಯಲ್ಲಿ ನಿಂತವಳು.
ಆ ಮಾತು ಚುಚ್ಚಿತು.

ಆಟೋ ಕಾಂಪ್ಲೆಕ್ಸಿನ ಮೂರನೇ ಸಾಲಿಗೆ
ಇನಾಯತ್ ಸಾಬರ ಶೆಡ್ಡು.
ಗಾಡಿ ಗೇಟು ದಾಟುವುದರೊಳಗೆ ಅವರ ಮೂಗು
ಇಂಜಿನ್ ಬಿಚ್ಚಿ ಜೋಡಿಸಿರುತ್ತದೆ
ಎಂದು ಡ್ರೈವರುಗಳು ಹೇಳುವುದುಂಟು.

ಇವತ್ತು ಓಮ್ನಿಯ ಪಕ್ಕ ಬಂದು ಸುಮ್ಮನೆ ನಿಂತರು,
ಕೈ ಹಿಂದೆ ಕಟ್ಟಿ,
ಕರೆಯದ ಮದುವೆಯ ಚಪ್ಪರದ ಹೊರಗೆ ನಿಂತ ಹಾಗೆ.
'ಹೇಳಿ. ಹೆಂಗಿದೆ ವಾಸನೆ?'
'ಸುಟ್ಟ ವಾಸನೆ.'
'ಸುಟ್ಟಿದ್ದಕ್ಕೆಲ್ಲ ಒಂದೇ ಹೆಸರಾದ್ರೆ
ನಾನ್ಯಾಕಮ್ಮ ಇಲ್ಲಿ?

ಹಳೇ ಪೇಪರು ಹೊಗೆಯಾಡಿದಂಗಾ? ಕ್ಲಚ್ಚು.
ಕೂದಲು ಕರಕಲಾದಂಗಾ? ಬ್ರೇಕು ಹಿಡ್ಕೊಂಡಿದೆ.
ಒಣಮೀನಾ? ವೈರು. ಅದಾದ್ರೆ ಮಾತೇ ಬೇಡ,
ಮೊದಲು ಬ್ಯಾಟರಿ ಕಳಚಬೇಕು.
ಬೆಲ್ಲದ ಪಾಕ ಉಕ್ಕಿದಂಗಾ...'
'ಸಿಹಿ ಇಲ್ಲ. ಸಿಹಿ ಸೀದರೆ ನನಗೆ ಗೊತ್ತು.'
'ಓಡುವಾಗ್ಲೋ, ನಿಂತಾಗ್ಲೋ?'

ನೆನೆದೆ. ಗಾಜನೂರಿನಲ್ಲಿ ಟೀಗೆ ನಿಂತಾಗ
ಮೊದಲು ತೊಡೆಗೆ ಬಿಸಿ,
ಆಮೇಲೆ ಮೂಗಿಗೆ, ಸೀಟಿನ ಅಡಿಯಿಂದ.
ಓಡುವಾಗ ಗಾಳಿ ಅದನ್ನು ಹೊತ್ತೊಯ್ಯುತ್ತಿತ್ತೇನೋ.
ತಡಕಿದೆ, ತಡಕಿದೆ, ಕಡೆಗೆ ಸಿಕ್ಕಿತು ಮಾತು:
'ತಟ್ಟೆಗೆ ಎಣ್ಣೆ ಸವರಿ
ಹಿಟ್ಟು ಇಡೋದು ಮರೆತು
ಖಾಲಿ ತಟ್ಟೇನ ಭಟ್ಟಿಗೆ ತಳ್ಳಿದಂಗೆ.'

ಸಾಬರು ಕಣ್ಣು ಮುಚ್ಚಿ ಆ ಮಾತನ್ನು
ನಾಲಿಗೆಯ ಮೇಲೆ ಹೊರಳಿಸಿದರು.
'ಗುತ್ಯಾ, ಸೀಟು ಎತ್ತೋ.'

ಹುಡುಗ ಎತ್ತಿದ. ಟಾರ್ಚು ಬಿಟ್ಟ.
ಟ್ಯಾಪೆಟ್ ಕವರಿನ ಅಂಚಿಗೆ ಬಿಳಿ ಬಟ್ಟೆ ಎಳೆದರೆ
ಬಟ್ಟೆ ಕಾಫಿ ಬಣ್ಣ.
ಒಂದು ಹನಿ ಅಲ್ಲೇ ಮೆಲ್ಲಗೆ ದಪ್ಪವಾಗಿ
ತನ್ನ ಭಾರಕ್ಕೆ ತಾನೇ ಜಾರಿ
ಕೆಳಗೆ ಕಾದ ಸೈಲೆನ್ಸರ್ ಬೆಂಡಿನ ಮೇಲೆ,
ಚುಸ್.
'ಇದೇ ನೋಡಿ ನಿಮ್ಮ ಖಾಲಿ ತಟ್ಟೆ.'

ಒಳಗಿನ ಪ್ಯಾಕಿಂಗು ಕಲ್ಲಾಗಿತ್ತು. ಬಗ್ಗಿಸಿದರೆ
ಹಪ್ಪಳದ ಹಾಗೆ ಲಟಕ್ಕನೆ ಮುರಿಯಿತು.
ಹೊಸದು ಕೂರಿಸುತ್ತ, ತಲೆ ಎತ್ತದೆ ಅಂದರು:
'ಆ ವರ್ಷದ ಜ್ವರ. ಹದಿನೇಳು ದಿನ ಮೆಗ್ಗಾನಿನಲ್ಲಿ.
ನಾನು ವಾಪಸ್ ಬಂದೆ, ಮೂಗು ಬರಲಿಲ್ಲ.
ಈಗ ಗಾಡಿ ಮೂಸಲ್ಲ,
ಗಾಡಿಯವರ ಮಾತು ಮೂಸ್ತೀನಿ.
ಕೆಲವರ ಮಾತಿಗೆ ವಾಸನೇನೇ ಇರಲ್ಲ.
ನಿಮ್ದು ಪರವಾಗಿಲ್ಲ.'

ಮುನ್ನೂರ ಎಂಬತ್ತು ಕೊಟ್ಟೆ.
ಗುತ್ಯನ ಕೈಗೆರಡು ಬನ್ನು. ತಳ ತಿರುಗಿಸಿ ನೋಡಿದ, ಪೋರ.
'ಬೆಂಡಿನ ಮೇಲೆ ಹಳೇ ಎಣ್ಣೆ ಉಳಿದಿದೆ,
ಸಕ್ರೆಬೈಲಿನ ತನಕ ಇನ್ನೂ ನಾರುತ್ತೆ, ಹೆದರಬೇಡಿ.
ಅದು ದಾಟಿದ ಮೇಲೂ ಇದ್ರೆ ಫೋನ್ ಮಾಡಿ.'

ನಾರಿತು. ಹೆದರಿದೆ.
ಎರಡು ಸಲ ಇಳಿದು ಸೀಟೆತ್ತಿ ನೋಡಿದೆ.
ಸಕ್ರೆಬೈಲು ದಾಟಿತು; ಯಾವ ತಿರುವಿನಲ್ಲಿ
ಆ ನಾತ ಇಳಿದುಹೋಯಿತೋ ತಿಳಿಯಲಿಲ್ಲ.
ಮಂಡಗದ್ದೆಯಲ್ಲಿ ನಿಲ್ಲಿಸಿ, ಅಗತ್ಯವಿರಲಿಲ್ಲ,
ಆದರೂ ಫೋನ್ ಮಾಡಿದೆ.
'ಈಗ ಏನೂ ಇಲ್ಲ ಸಾಬರೇ.'

ಆ ಕಡೆ ಸ್ಪ್ಯಾನರು ಇಟ್ಟ ಸದ್ದು.
'ಏನೂ ಇಲ್ಲ ಅನ್ನೋದು ನಂಗೊತ್ತು ಜೆಸಿಂತಮ್ಮ,
ಅದು ದಿನಾ ಇದೆ. ಬೇರೆ ಏನಿದೆ, ಹೇಳಿ.'

ಗಾಜು ಇಳಿಸಿದೆ.
ಬನ್ನಿನ ವೆನಿಲ್ಲಾ ಹೇಳಿದೆ. ಒದ್ದೆ ಗೋಣಿ ಹೇಳಿದೆ.
ಗಿಡ್ಡಮ್ಮ ಈಗಷ್ಟೇ ಗೀರಿದ ಬೆಂಕಿಕಡ್ಡಿ.
ಆಮೇಲೆ ಹೊಳೆಯ ಕಡೆಯಿಂದ ಬಂತು,
ಹೇಳಲೋ ಬೇಡವೋ ಎಂದು ತಡೆದು, ಹೇಳಿಯೇಬಿಟ್ಟೆ:
'ನಡುಗಡ್ಡೆ ಮರಗಳಲ್ಲಿ ಹಕ್ಕಿ ಬಂದಿವೆ, ಸಾವಿರಗಟ್ಟಲೆ.
ಹಿಕ್ಕೆ ನಾತ. ಮೂಗು ಬಿಡೋಕಾಗ್ತಿಲ್ಲ.'

'ಹೌದಾ!' ಅಂದರು ಸಾಬರು.
ನಕ್ಕರು, ಬಹಳ ಹೊತ್ತು.
'ಇನ್ನೊಂದ್ಸಲ ಹೇಳಿ.'